ಹೆಸರು ಆಮೇಲೆ, ಮೊದಲು ಐದು ಫೋಟೋ: ಮುಂಬಯಿಯ ಏರೋಪ್ಲೇನ್ ಚಿಟ್ಟೆ, ಟಾಚಣಿ, ಪತಂಗ ಗುರುತಿಸಲು ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಗಣಪತಿ ಹಬ್ಬ ಮುಗಿದು ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೇ ನನ್ನ ಫೋನಿಗೆ ಒಂದೇ ಥರದ ಫೋಟೋಗಳು ಬರಲು ಶುರುವಾಗುತ್ತವೆ. ಒಂದು ಕೆಂಪು ಏರೋಪ್ಲೇನ್ ಚಿಟ್ಟೆ. ಬೆನ್ನ ಮೇಲಿಂದ ತೆಗೆದದ್ದು. ಕೆಳಗೆ ಒಂದೇ ಸಾಲು: "ಇದ್ಯಾವುದು ಸರ್?"

ಫೋಟೋ ಚೆನ್ನಾಗಿಯೇ ಇರುತ್ತದೆ. ಉತ್ತರ ಕೊಡಲು ಮಾತ್ರ ಆಗುವುದಿಲ್ಲ. ಮುಂಬಯಿ ಸುತ್ತಮುತ್ತ ಕೆಂಪಗಿರುವವೇ ನಾಲ್ಕೈದು ಜಾತಿ ಇವೆ. ಅವನ್ನು ಬೇರೆ ಮಾಡುವ ಗುರುತು ಕಾಲಿನ ಬಣ್ಣದಲ್ಲಿ, ಎದೆಯ ಪಕ್ಕದಲ್ಲಿ, ಬಾಲದ ತುದಿಯಲ್ಲಿ ಇರುತ್ತದೆ. ಕಳಿಸಿದ ಫೋಟೋದಲ್ಲಿ ಇವು ಯಾವುವೂ ಇರುವುದಿಲ್ಲ. ಮೊದಲು ಚಂದದ ಫೋಟೋ, ಟೈಮ್ ಸಿಕ್ಕರೆ ಬಾಕಿಯದ್ದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹುಳ ಅಲ್ಲಿಯವರೆಗೆ ಕಾಯಬೇಕಲ್ಲ!

ಹೆಸರಿನ ಬಗ್ಗೆ ಮೊದಲೇ ಒಂದು ಮಾತು. ಮರಾಠಿಯವರು ಡ್ರ್ಯಾಗನ್‌ಫ್ಲೈಗೆ ಚತುರ, ಡ್ಯಾಮ್ಸೆಲ್‌ಫ್ಲೈಗೆ ಟಾಚಣಿ ಅನ್ನುತ್ತಾರೆ. ಟಾಚಣಿ ಅಂದರೆ ಗುಂಡುಸೂಜಿ. ಹುಬ್ಬಳ್ಳಿ, ಧಾರವಾಡದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಚಿಕ್ಕಂದಿನಿಂದ ಎರಡಕ್ಕೂ ಏರೋಪ್ಲೇನ್ ಚಿಟ್ಟೆ ಅಂತಲೇ ಕರೆದವರು. ಇಲ್ಲಿ ಗಟ್ಟಿ ಮೈಯಿನದಕ್ಕೆ ಏರೋಪ್ಲೇನ್ ಚಿಟ್ಟೆ, ಸಣಕಲಿಗೆ ಟಾಚಣಿ ಅಂತ ಇಟ್ಟುಕೊಂಡಿದ್ದೇನೆ. ಒಂದೊಂದು ಜಾತಿಗೆ ಇಂಗ್ಲಿಷ್ ಹೆಸರನ್ನೇ ಬಳಸಿದ್ದೇನೆ, ಮುಂದೆ ಹುಡುಕಲು ಸುಲಭ.

ಮನೆಯಿಂದ ಹೊರಡುವ ಮುನ್ನ: ಚೀಲದಲ್ಲಿ ಏನಿರಬೇಕು

ದುಬಾರಿ ಕ್ಯಾಮೆರಾ ಬೇಡ. ಪತಂಗಕ್ಕೆ ಫೋನ್ ಸಾಕು, ಅದು ಕೂತಲ್ಲೇ ಕೂತಿರುತ್ತದೆ. ಏರೋಪ್ಲೇನ್ ಚಿಟ್ಟೆಗೆ ದೂರದಿಂದ ಎಳೆಯುವ ಲೆನ್ಸ್ ಇದ್ದರೆ ಒಳ್ಳೆಯದು. 70-300 ಮಿ.ಮೀ. ಝೂಮ್ ಇದ್ದರೆ ಧಾರಾಳ ಆಯಿತು. ಫೋನಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ತಂದು ಕೆರೆ ಹತ್ತಿರ ಪರದಾಡುವವರನ್ನು ತುಂಬಾ ನೋಡಿದ್ದೇನೆ. ಅದು ಕೆಲಸ ಮಾಡುವುದು ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ. ಅಷ್ಟು ಹತ್ತಿರಕ್ಕೆ ಯಾವ ಏರೋಪ್ಲೇನ್ ಚಿಟ್ಟೆ ಬಿಟ್ಟುಕೊಳ್ಳುತ್ತದೆ? ಅದನ್ನು ಪತಂಗಕ್ಕೆ ಇಟ್ಟುಕೊಳ್ಳಿ.

ಇನ್ನು ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ಸಿಲ್ (ಮಳೆಯಲ್ಲಿ ಪೆನ್ ಕೈಕೊಡುತ್ತದೆ), ಮಕ್ಕಳ ಕಂಪಾಸ್ ಬಾಕ್ಸಿನ 15 ಸೆಂಟಿಮೀಟರ್ ಸ್ಕೇಲು, ಗಮ್‌ಬೂಟ್, ಟಾರ್ಚ್, ನಾಲ್ಕು ಟಿಶ್ಯೂ ಪೇಪರ್. ರಾತ್ರಿ ಪತಂಗಕ್ಕೆ ಒಂದು ಹಳೆಯ ಬಿಳಿ ಪಂಚೆ.

ಬಲೆ ಬೇಡ. ರಾಷ್ಟ್ರೀಯ ಉದ್ಯಾನದೊಳಗೆ ಹುಳ ಹಿಡಿಯುವುದು ಕಾನೂನಿಗೆ ವಿರುದ್ಧ. ಹೊರಗೂ ನಮ್ಮ ಕೆಲಸಕ್ಕೆ ಅದರ ಅಗತ್ಯ ಇಲ್ಲ.

ಹಂತ 1: ಸರಿಯಾದ ಜಾಗ, ಸರಿಯಾದ ಹೊತ್ತು

ಹೊಸಬರು ಸೀದಾ ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುತ್ತಾರೆ. ಹೋಗಿ, ತಪ್ಪಿಲ್ಲ. ಆದರೆ ಸೋಮವಾರ ಹೋಗಿ ಗೇಟಿನಿಂದ ವಾಪಸ್ ಬರಬೇಡಿ, ಅಂದು ರಜೆ. ಒಳಗೆ ದಹಿಸರ್ ನದಿಯ ಅಂಚು ಒಳ್ಳೆಯ ಜಾಗ. ಕಾನ್ಹೇರಿ ಗುಹೆಗಳ ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳ ಸುತ್ತಲೂ ನೋಡಿ. ಕಾಡಿನ ಒಳಗಿನ ಜಾಡುಗಳಿಗೆ ಮೊದಲೇ ಅನುಮತಿ ಬೇಕು.

ಆದರೆ ಮೊದಲ ಹತ್ತು ದಿನದ ಅಭ್ಯಾಸಕ್ಕೆ ನಾನು ಹೇಳುವುದು ಸಯಾನ್ ಸ್ಟೇಷನ್ನಿನಿಂದ ಹೆಚ್ಚು ದೂರವಿಲ್ಲದ, ಧಾರಾವಿ ಪಕ್ಕದ ಮಹಾರಾಷ್ಟ್ರ ನೇಚರ್ ಪಾರ್ಕ್. ಚಿಕ್ಕ ಜಾಗ, ನೀರು ಹತ್ತಿರದಲ್ಲೇ ಇದೆ, ದಾರಿ ತಪ್ಪುವ ಭಯವಿಲ್ಲ. ಅಲ್ಲಿಗೂ ಹೋಗಲು ಆಗದಿದ್ದರೆ ನಿಮ್ಮ ಬಿಲ್ಡಿಂಗಿನ ಹಿಂದಿನ ನಾಲೆಯೇ ಸಾಕು. ತಮಾಷೆ ಅಲ್ಲ. ಡಿಚ್ ಜ್ಯುವೆಲ್ ಅನ್ನುವ ಕಿತ್ತಳೆ ಬಣ್ಣದ ಏರೋಪ್ಲೇನ್ ಚಿಟ್ಟೆಗೆ ಕೊಳಕು ನೀರಾದರೂ ಆಗುತ್ತದೆ. ಸಿಮೆಂಟಿನ ನೀರಿನ ಟ್ಯಾಂಕಿನಲ್ಲಿ ಗ್ರಾನೈಟ್ ಘೋಸ್ಟ್ ಮೊಟ್ಟೆ ಇಡುತ್ತದೆ. ಅದು ಗೋಡೆಗೆ ಅಂಟಿ ಕೂತರೆ ಒಂದು ಮಾರು ದೂರದಿಂದಲೂ ಕಾಣುವುದಿಲ್ಲ. ಬೂದು ಕಲ್ಲಿನ ಮೇಲೆ ಬೂದು ಚುಕ್ಕಿ, ಅಷ್ಟೇ.

ಕಾಲ: ಜೂನ್‌ನಿಂದ ನವೆಂಬರ್. ಅದರಲ್ಲೂ ಸೆಪ್ಟೆಂಬರ್ ಕೊನೆಯಿಂದ ದೀಪಾವಳಿಯವರೆಗೆ ಜಾಸ್ತಿ. ಹೊತ್ತು: ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದು. ಮೈಗೆ ಬಿಸಿಲು ತಾಗಿದ ಮೇಲೆಯೇ ಇವು ಚುರುಕಾಗುವುದು. ನೆತ್ತಿಯ ಬಿಸಿಲಿಗೆ ಕೆಲವು ಬಾಲವನ್ನು ಸೂರ್ಯನ ಕಡೆ ನೇರ ಎತ್ತಿ ನಿಲ್ಲುತ್ತವೆ. ಅದು ಮೈ ಕಾಯುವುದನ್ನು ಕಡಿಮೆ ಮಾಡಿಕೊಳ್ಳುವ ಉಪಾಯ. ಕೋರಲ್-ಟೇಲ್ಡ್ ಕ್ಲೌಡ್‌ವಿಂಗ್ ಬೇಕಿದ್ದರೆ ಮಾತ್ರ ಸಂಜೆ ಕಾಯಬೇಕು. ಅದು ಮುಸ್ಸಂಜೆಗೇ ಹಾರುವುದು.

ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಕಾಡಿನ ಮೇಲ್ಭಾಗದಲ್ಲಿ ಮೋಡ ಕಪ್ಪಾದರೆ, ನದಿಯ ನೀರು ದಿಢೀರನೆ ಕೆಂಪಗಾದರೆ, ತರಗೆಲೆ ತೇಲಿ ಬರಲು ಶುರುವಾದರೆ ಆ ಕ್ಷಣ ಮೇಲಕ್ಕೆ ಬನ್ನಿ. ಹಿಂದೆ ಪ್ರವಾಹ ಬರುತ್ತಿದೆ ಅಂತ ಅರ್ಥ. ಕಾಲಿನಲ್ಲಿ ಗಾಯ ಇದ್ದರೆ ನಿಂತ ನೀರಿಗೆ ಇಳಿಯಬೇಡಿ. ಮಳೆಗಾಲದ ಮುಂಬಯಿಯಲ್ಲಿ ಇಲಿಜ್ವರ ಹರಡುವುದೇ ಹಾಗೆ. ನೀರಿಗೆ ಇಳಿದು ಬಂದ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು ಬಂದರೆ ಡಾಕ್ಟರಿಗೆ ಕೆರೆ ವಿಷಯ ಮರೆಯದೆ ಹೇಳಿ. ಗೋರೆಗಾಂವಿನ ಆರೆ ಕಾಡು, ಬೋರಿವಲಿ ಎರಡೂ ಕಡೆ ಚಿರತೆ ಇದೆ. ಸಂಜೆ ಕತ್ತಲಾದ ಮೇಲೆ ಪೊದೆ ಪಕ್ಕ ಕುಕ್ಕರುಗಾಲಲ್ಲಿ ಕೂತು ಫೋಟೋ ತೆಗೆಯುವ ಕೆಲಸ ಬೇಡವೇ ಬೇಡ.

ಹಂತ 2: ಕೈಯೆತ್ತುವ ಮುನ್ನ ಗುಂಪು ಗೊತ್ತು ಮಾಡಿಕೊಳ್ಳಿ

ಇದಕ್ಕೆ ಹತ್ತು ಸೆಕೆಂಡ್ ಸಾಕು. ಯಾವ ಗುಂಪು ಅಂತ ತಿಳಿದರೆ ಯಾವ ಫೋಟೋ ಮೊದಲು ಅಂತ ತಾನಾಗೇ ತಿಳಿಯುತ್ತದೆ.

ಕೂತಾಗ ರೆಕ್ಕೆ ಅಗಲಕ್ಕೆ ಬಿಚ್ಚಿದ್ದು, ಎರಡು ಕಣ್ಣು ತಲೆಯ ಮೇಲೆ ಒಂದಕ್ಕೊಂದು ತಾಗಿದ್ದರೆ ಏರೋಪ್ಲೇನ್ ಚಿಟ್ಟೆ. ರೆಕ್ಕೆ ಬೆನ್ನ ಮೇಲೆ ಮಡಚಿದ್ದು, ಕಣ್ಣುಗಳು ಡಂಬೆಲ್ಲಿನ ಹಾಗೆ ಆ ಕಡೆ ಈ ಕಡೆ ಇದ್ದರೆ ಟಾಚಣಿ.

ಈಗ ಕಾಲು ಜಾರುವ ಜಾಗಗಳು. ಸ್ಪ್ರೆಡ್‌ವಿಂಗ್ ಅನ್ನುವ ಟಾಚಣಿಗಳು ರೆಕ್ಕೆ ಅರ್ಧ ಬಿಚ್ಚಿಕೊಂಡೇ ಕೂರುತ್ತವೆ. ಕಾಮನ್ ಕ್ಲಬ್‌ಟೇಲ್ ಅನ್ನುವ ಕಪ್ಪು ಹಳದಿ ಏರೋಪ್ಲೇನ್ ಚಿಟ್ಟೆಗೆ ಕಣ್ಣು ತಾಗಿರುವುದಿಲ್ಲ. ಹಾಗಾಗಿ ರೆಕ್ಕೆ, ಕಣ್ಣು, ಮೈ ದಪ್ಪ ಮೂರನ್ನೂ ಒಟ್ಟಿಗೆ ನೋಡಬೇಕು. ಎದುರಿಗೆ ಎರಡು ಉದ್ದ ಮೀಸೆ, ಮೀಸೆಯ ತುದಿಯಲ್ಲಿ ಗಂಟು ಕಂಡರೆ ಅದು ಇವೆರಡೂ ಅಲ್ಲ. ಮರಳಲ್ಲಿ ಆಲಿಕೆಯಂಥ ಗುಂಡಿ ಮಾಡಿ ಇರುವೆ ಹಿಡಿಯುತ್ತದಲ್ಲ, ಆ ಹುಳ ರೆಕ್ಕೆ ಬಂದ ಮೇಲೆ ಹಾಗಿರುತ್ತದೆ, ಇಲ್ಲವೇ ಅದರ ನೆಂಟ ಔಲ್‌ಫ್ಲೈ. ಏರೋಪ್ಲೇನ್ ಚಿಟ್ಟೆ, ಟಾಚಣಿಗಳ ಮೀಸೆ ಕೂದಲೆಳೆಯಷ್ಟು ಚಿಕ್ಕದು.

ಪತಂಗ ಮತ್ತು ಚಿಟ್ಟೆಗೂ ಮೀಸೆಯೇ ಗುರುತು. ಚಿಟ್ಟೆಯದು ಬೆಂಕಿಕಡ್ಡಿಯ ಹಾಗೆ ತುದಿ ದಪ್ಪ. ಪತಂಗದ್ದು ದಾರದ ಹಾಗೆ ಅಥವಾ ಹಕ್ಕಿಯ ಗರಿಯ ಹಾಗೆ. "ಹಗಲು ಹಾರಿದರೆ ಚಿಟ್ಟೆ" ಅನ್ನುವ ಲೆಕ್ಕ ಬಿಡಿ. ಕಪ್ಪು ಮೈಗೆ ಹಳದಿ ಪಟ್ಟಿ ಹಾಕಿಕೊಂಡು ಕಣಜದ ಹಾಗೆ ಕಾಣುವ ಹ್ಯಾಂಡ್‌ಮೇಡನ್ ಪತಂಗ ನಡುಹಗಲಲ್ಲೇ ಹೂವಿನ ಮೇಲೆ ಕೂರುತ್ತದೆ.

ಹಂತ 3: ಹತ್ತಿರ ಹೋಗುವುದು

ಓಡಿಸಿಕೊಂಡು ಹೋಗಬೇಡಿ. ಅದರ ಕಣ್ಣು ಹೆಚ್ಚುಕಡಿಮೆ ಸುತ್ತಲೂ ನೋಡುತ್ತದೆ. ನಿಮ್ಮನ್ನು ಅದು ಮೊದಲೇ ಕಂಡಾಗಿದೆ. ಗಾಬರಿ ಹುಟ್ಟಿಸುವುದು ದಿಢೀರ್ ಚಲನೆ ಮತ್ತು ಮೇಲೆ ಬೀಳುವ ನೆರಳು. ಆದ್ದರಿಂದ ಸೂರ್ಯ ನಿಮ್ಮ ಭುಜದ ಹಿಂದೆ ಇರಲಿ, ಆದರೆ ನಿಮ್ಮ ನೆರಳು ಅದರ ಮೇಲೆ ಬೀಳದಂತೆ ಸ್ವಲ್ಪ ಪಕ್ಕಕ್ಕೆ ಬನ್ನಿ. ತಗ್ಗಿ, ಒಂದು ಹೆಜ್ಜೆ, ನಿಲ್ಲಿ. ಇನ್ನೊಂದು ಹೆಜ್ಜೆ, ನಿಲ್ಲಿ.

ಹಾರಿತು ಅಂತ ಬೇಸರ ಪಟ್ಟು ಮುಂದೆ ಹೋಗುವುದು ದೊಡ್ಡ ತಪ್ಪು. ಕೊಳದ ಬದಿ ಕೂರುವ ಬಹಳಷ್ಟು ಗಂಡುಗಳಿಗೆ ಒಂದು ಕಡ್ಡಿ ಅಂತ ಗೊತ್ತಾಗಿರುತ್ತದೆ. ಹಾರಿ ಒಂದು ಸುತ್ತು ಹೊಡೆದು, ಬೇರೆ ಗಂಡನ್ನು ಓಡಿಸಿ, ಮತ್ತೆ ಅದೇ ಕಡ್ಡಿಗೆ ಬರುತ್ತವೆ. ದಹಿಸರ್ ನದಿಯ ಹತ್ತಿರ ಒಮ್ಮೆ ಲೆಕ್ಕ ಹಾಕಿದೆ. ಒಣಗಿದ ಲಂಟಾನಾ ಕಡ್ಡಿಯೊಂದಕ್ಕೆ ಒಂದೇ ಹುಳ ಇಪ್ಪತ್ತು ನಿಮಿಷದಲ್ಲಿ ಹನ್ನೊಂದು ಸಲ ಬಂತು. ಪ್ರತಿ ಸಲ ಕೂತ ಮೇಲೆ ತಲೆ ಎರಡು ಬಾರಿ ತಿರುಗಿಸುತ್ತಿತ್ತು, ಆಮೇಲೆ ಮುಂದಿನ ಎರಡು ರೆಕ್ಕೆ ಸ್ವಲ್ಪ ಇಳಿಸುತ್ತಿತ್ತು. ರೆಕ್ಕೆ ಇಳಿಯಿತು ಅಂದರೆ ಕೂರುವ ಮನಸ್ಸು ಮಾಡಿದೆ ಅಂತ. ನಾನು ಹೆಜ್ಜೆ ಇಡುವುದು ಆಗಲೇ. ಅದು ಹಾರಿಹೋದಾಗ ಕಡ್ಡಿಗೆ ಇನ್ನೂ ಹತ್ತಿರ ಹೋಗಿ, ಅಲ್ಲೇ ಕಲ್ಲಿನ ಹಾಗೆ ಕೂತು ಕಾಯಿರಿ. ಬಂದೇ ಬರುತ್ತದೆ.

ಒಂದು ವಿನಾಯಿತಿ ಇದೆ. ಮೈದಾನದ ಮೇಲೆ ಗುಂಪು ಗುಂಪಾಗಿ ಹಾರುವ ಹಳದಿ ಮಿಶ್ರಿತ ವಾಂಡರಿಂಗ್ ಗ್ಲೈಡರ್ ಕೂರುವುದೇ ಕಡಿಮೆ. ಅದರ ಹಿಂದೆ ಸುಮ್ನೆ ಸುತ್ತಬೇಡಿ. ಬೆಳಿಗ್ಗೆ ಬೇಗ ಪೊದೆಗಳಲ್ಲಿ ಹುಡುಕಿ, ಬಾವಲಿಯ ಹಾಗೆ ಕಡ್ಡಿಗೆ ಜೋತುಬಿದ್ದಿರುತ್ತದೆ.

ಹಂತ 4: ಐದು ಫೋಟೋ, ಇದೇ ಕ್ರಮದಲ್ಲಿ

ಈ ಹಂತ ಮುಗಿಯುವವರೆಗೆ ಚಂದದ ಫೋಟೋದ ಆಸೆ ಬಿಡಿ.

ಮೊದಲನೆಯದು ದೂರದಿಂದ. ಕಂಡ ಜಾಗದಿಂದಲೇ ಒಂದು ಕ್ಲಿಕ್. ಚಿಕ್ಕದಾಗಿ ಬಂದರೂ ಸರಿ. ಮುಂದೆ ಅದು ಹಾರಿಯೇ ಹೋದರೆ ಇದಾದರೂ ಕೈಯಲ್ಲಿರುತ್ತದೆ. ಕೂತ ಜಾಗವೂ ಅದರಲ್ಲಿ ದಾಖಲಾಗುತ್ತದೆ. ನೆಲದ ಮೇಲೆಯೇ ಕೂರುವುದು ಗ್ರೌಂಡ್ ಸ್ಕಿಮ್ಮರ್‌ನ ಅಭ್ಯಾಸ.

ಎರಡನೆಯದು ಪಕ್ಕದಿಂದ. ಐದರಲ್ಲಿ ಒಂದೇ ಆಯ್ಕೆ ಅಂದರೆ ನಾನು ಇದನ್ನೇ ಆರಿಸುತ್ತೇನೆ. ಎದೆಯ ಪಕ್ಕದ ಪಟ್ಟಿಗಳು, ಕಾಲಿನ ಬಣ್ಣ, ಬಾಲದ ಬುಡದ ಉಬ್ಬು, ಎಲ್ಲ ಒಂದೇ ಫೋಟೋದಲ್ಲಿ ಸಿಗುತ್ತವೆ. ಕ್ಯಾಮೆರಾ ಹುಳದ ಮೈಗೆ ಸಮಾನಾಂತರ ಇರಬೇಕು. ಸ್ವಲ್ಪ ಓರೆಯಾದರೂ ತಲೆ ಸ್ಪಷ್ಟ, ಬಾಲ ಮಸುಕು ಆಗುತ್ತದೆ. ಕ್ಯಾಮೆರಾ ಇದ್ದರೆ ಅಪರ್ಚರ್ ಎಫ್ 8, ಶಟರ್ 1/500 ಹತ್ತಿರ ಇಡಿ.

ಮೂರನೆಯದು ಮೇಲಿಂದ, ರೆಕ್ಕೆಯ ಬುಡ ಕಾಣುವಂತೆ. ನಾಲ್ಕನೆಯದು ಬಾಲದ ತುದಿ. ಐದನೆಯದು ಮುಖ.

ಮುಲುಂಡಿನಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯ ಗೆಳೆಯರೊಬ್ಬರು ಭಾನುವಾರ ನನ್ನ ಜತೆ ಬರುತ್ತಾರೆ. ಅವರು ಕೇಳಿದ್ದು: "ಅಲ್ಲ ಮಾರಾಯ್ರೆ, ಮುಖದ ಫೋಟೋ ಸರಿ. ಬಾಲದ್ದು ಎಂತಕ್ಕೆ?" ಕೇಳಬೇಕಾದ ಪ್ರಶ್ನೆಯೇ. ಕೂಡುವಾಗ ಗಂಡು ತನ್ನ ಬಾಲದ ತುದಿಯ ಇಕ್ಕಳದಿಂದ ಹೆಣ್ಣನ್ನು ತಲೆಯ ಹಿಂದೆ ಹಿಡಿಯುತ್ತದೆ. ಜಾತಿಯಿಂದ ಜಾತಿಗೆ ಆ ಇಕ್ಕಳದ ಆಕಾರ ಬೇರೆ, ಬೀಗಕ್ಕೆ ಬೀಗದ ಕೈ ಇದ್ದ ಹಾಗೆ. ಬಣ್ಣ ಒಂದೇ ಥರ ಇರುವ ಎರಡು ಜಾತಿ ಕೊನೆಗೆ ಬೇರೆಯಾಗುವುದು ಅಲ್ಲೇ.

ಈಗ ಆ ಕೆಂಪು ಹುಳಕ್ಕೆ ಬರೋಣ. ರಕ್ತಕೆಂಪು, ಬಾಲದ ಮೇಲೆ ಉದ್ದಕ್ಕೆ ತೆಳ್ಳಗಿನ ಕಪ್ಪು ಗೆರೆ, ಕಾಲಿಗೂ ಕೆಂಪು ಛಾಯೆ ಇದ್ದರೆ ಸ್ಕಾರ್ಲೆಟ್ ಸ್ಕಿಮ್ಮರ್. ಕೆಂಪಿನಲ್ಲಿ ಸ್ವಲ್ಪ ನೇರಳೆ ಗುಲಾಬಿ ಬೆರೆತಿದ್ದು, ರೆಕ್ಕೆಯ ನರಗಳೂ ಕೆಂಪಗಿದ್ದು, ಕಾಲು ಕಪ್ಪಗಿದ್ದರೆ ಕ್ರಿಮ್ಸನ್ ಮಾರ್ಶ್ ಗ್ಲೈಡರ್. ಬಾಲ ಮಾತ್ರ ಕೆಂಪು, ಎದೆ ಬೂದಿ ಬಳಿದಂಥ ನೀಲಿಯಾಗಿದ್ದರೆ ಕ್ರಿಮ್ಸನ್-ಟೇಲ್ಡ್ ಮಾರ್ಶ್ ಹಾಕ್. ರೆಕ್ಕೆಗೇ ಕೆಂಗಂದು ಬಣ್ಣ ಬಳಿದಂತಿದ್ದರೆ ಫಲ್ವಸ್ ಫಾರೆಸ್ಟ್ ಸ್ಕಿಮ್ಮರ್ ಕಡೆ ನೋಡಿ. ಬೆನ್ನಿನ ಒಂದೇ ಫೋಟೋದಲ್ಲಿ ಕಾಲೂ ಇಲ್ಲ, ಎದೆಯ ಪಕ್ಕವೂ ಇಲ್ಲ. ಗೊತ್ತಾಯಿತಲ್ವಾ, ನಾನು ಯಾಕೆ ಉತ್ತರ ಕೊಡುತ್ತಿರಲಿಲ್ಲ ಅಂತ.

ಟಾಚಣಿಗೆ ಬೇರೆಯದೇ ತೊಂದರೆ. ಫೋನು ಅದನ್ನು ಬಿಟ್ಟು ಹಿಂದಿನ ಹುಲ್ಲನ್ನು ಫೋಕಸ್ ಮಾಡುತ್ತದೆ. ಬೆಂಕಿಕಡ್ಡಿಗಿಂತ ತೆಳ್ಳಗಿನ ಮೈ, ಪಾಪ ಫೋನಾದರೂ ಏನು ಮಾಡೀತು? ಉಪಾಯ ಹೀಗೆ: ಹುಳ ಎಷ್ಟು ದೂರ ಇದೆಯೋ ಅಷ್ಟೇ ದೂರದಲ್ಲಿ, ಸ್ವಲ್ಪ ಪಕ್ಕಕ್ಕೆ, ನಿಧಾನವಾಗಿ ನಿಮ್ಮ ಬೆರಳು ಹಿಡಿಯಿರಿ. ಪರದೆಯ ಮೇಲೆ ಬೆರಳನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ. ಬೆರಳು ತೆಗೆಯಿರಿ. ಫೋನನ್ನು ಹಿಂದೆ ಮುಂದೆ ಕೂದಲೆಳೆಯಷ್ಟು ಆಡಿಸುತ್ತ ಏಳೆಂಟು ಫೋಟೋ ಹೊಡೆಯಿರಿ. ಒಂದಾದರೂ ಸರಿಯಾಗಿ ಬರುತ್ತದೆ.

ಟಾಚಣಿಗಳಲ್ಲೂ ಬಾಲದ ತುದಿ ಬಿಡಬೇಡಿ. ಹುಲ್ಲಿನ ನಡುವೆ ಹಳದಿ ಟಾಚಣಿ ಕಂಡಿತು ಅಂದುಕೊಳ್ಳಿ. ಗಂಡಿನ ಇಡೀ ಬಾಲ ಹಳದಿಯೇ ಇದ್ದರೆ ಕೊರಮಂಡಲ್ ಮಾರ್ಶ್ ಡಾರ್ಟ್. ಹಳದಿ ಬಾಲದ ಕೊನೆಯಲ್ಲಿ ನೀಲಿ ಹಚ್ಚಿದ್ದರೆ ಗೋಲ್ಡನ್ ಡಾರ್ಟ್‌ಲೆಟ್. ಕಾಪೆರಾ ಕುಲದ ಬುಷ್ ಡಾರ್ಟ್‌ಗಳಲ್ಲಿ ಕಾಲಿನ ಬಣ್ಣ ನೋಡಬೇಕು.

ಹಂತ 5: ಇದು ಗಂಡೋ, ಹೆಣ್ಣೋ, ಎಳೆಯದೋ?

ಪುಸ್ತಕದ ಚಿತ್ರಕ್ಕೆ ಹೋಲಿಸಿ "ಇದು ಅಲ್ಲವೇ ಅಲ್ಲ" ಅಂತ ಬಿಟ್ಟುಬಿಡುವವರು ಎಡವುವುದು ಇಲ್ಲಿ. ಪುಸ್ತಕದಲ್ಲಿ ಎದ್ದು ಕಾಣುವುದು ಸಾಮಾನ್ಯವಾಗಿ ಬಲಿತ ಗಂಡು. ಸ್ಕಾರ್ಲೆಟ್ ಸ್ಕಿಮ್ಮರ್‌ನ ಹೆಣ್ಣು ಹಳದಿ ಮಿಶ್ರಿತ ಕಂದು. ಡಿಚ್ ಜ್ಯುವೆಲ್‌ನ ಹೆಣ್ಣಿಗೆ ರೆಕ್ಕೆಯ ಕಿತ್ತಳೆ ಪಟ್ಟಿಯೇ ಇಲ್ಲ. ಗ್ರೌಂಡ್ ಸ್ಕಿಮ್ಮರ್ ಗಂಡು ಎಳೆಯದಿದ್ದಾಗ ಹಸಿರು ಹಳದಿ, ಬಲಿತಂತೆ ನೀಲಿ ಬೂದಿ. ಈಗ ತಾನೇ ಪೊರೆ ಕಳಚಿ ಬಂದದ್ದಾದರೆ ಮೈಗೆ ಬಣ್ಣವೇ ಇರುವುದಿಲ್ಲ, ರೆಕ್ಕೆ ಮಾತ್ರ ಹೊಸ ಸೆಲೋಫೇನ್ ಕಾಗದದ ಹಾಗೆ ಹೊಳೆಯುತ್ತದೆ. ಅಂಥದ್ದನ್ನು ಮುಟ್ಟಲೇಬೇಡಿ. ರೆಕ್ಕೆ ಇನ್ನೂ ಮೆತ್ತಗಿರುತ್ತದೆ, ಒಮ್ಮೆ ಸೊಟ್ಟಗಾದರೆ ಮತ್ತೆ ಹಾರಲಾರದು.

ಗಂಡು ಹೆಣ್ಣು ಗುರುತಿಸಲು ಪಕ್ಕದ ಫೋಟೋ ತೆರೆಯಿರಿ. ಬಾಲದ ಎರಡನೆಯ ಗಂಟಿನ ಕೆಳಗೆ ಚಿಕ್ಕ ಉಬ್ಬು ಇದ್ದರೆ ಗಂಡು. ಜೋಡಿ ಸಿಕ್ಕರೆ ನಿಮ್ಮ ಅದೃಷ್ಟ. ಗಂಡಿನಿಂದ ಜಾತಿ ತಿಳಿಯುತ್ತದೆ, ಅದೇ ಜಾತಿಯ ಹೆಣ್ಣು ಹೇಗಿರುತ್ತದೆ ಅಂತಲೂ ಅಲ್ಲೇ ಕಲಿಯುತ್ತೀರಿ. ಆದರೆ ಒಂದು ಹುಳ ಇನ್ನೊಂದನ್ನು ಹಿಡಿದಿದೆ ಅಂದ ಮಾತ್ರಕ್ಕೆ ಜೋಡಿ ಅಲ್ಲ. ಗ್ರೀನ್ ಮಾರ್ಶ್ ಹಾಕ್ ಬೇರೆ ಏರೋಪ್ಲೇನ್ ಚಿಟ್ಟೆಗಳನ್ನೇ ಹಿಡಿದು ತಿನ್ನುತ್ತದೆ. "ಲವ್ ಬರ್ಡ್ಸ್" ಅಂತ ನನಗೆ ಬಂದ ಫೋಟೋ ಒಂದರಲ್ಲಿ ಹೆಣ್ಣಿನ ತಲೆ ಆಗಲೇ ಅರ್ಧ ಖಾಲಿಯಾಗಿತ್ತು.

ಹಂತ 6: ಪತಂಗಕ್ಕೆ ಪಂಚೆ ಕಟ್ಟುವುದು

ಪತಂಗಕ್ಕಾಗಿ ಕಾಡಿಗೆ ಹೋಗಬೇಕಿಲ್ಲ, ರಾತ್ರಿ ಉದ್ಯಾನದೊಳಗೆ ಬಿಡುವುದೂ ಇಲ್ಲ. ಮರ ಇರುವ ಕಡೆ ಮುಖ ಮಾಡಿದ ಬಾಲ್ಕನಿ ಅಥವಾ ಟೆರೇಸ್ ಸಾಕು. ಜುಲೈ ಕೊನೆಯ ವಾರ ಶುರು ಮಾಡಿದರೆ ಒಳ್ಳೆಯದು. 2012ರಿಂದ ನಡೆಯುತ್ತಿರುವ ರಾಷ್ಟ್ರೀಯ ಪತಂಗ ಸಪ್ತಾಹವೂ ಅದೇ ಹೊತ್ತಿಗೆ ಬರುತ್ತದೆ.

ರಾತ್ರಿ ಆರಿಸಿಕೊಳ್ಳುವುದು ಮುಖ್ಯ. ಅಮಾವಾಸ್ಯೆಯ ಆಸುಪಾಸು, ಮೋಡ ಮುಚ್ಚಿ ಸೆಕೆ ಆಗುತ್ತಿರಬೇಕು, ಗಾಳಿ ಇರಬಾರದು. ಹುಣ್ಣಿಮೆ ರಾತ್ರಿ ಪಂಚೆ ಕಟ್ಟಿ, ಎರಡು ಸೊಳ್ಳೆ ಬಂದವು ಅಂತ ಬೇಜಾರು ಮಾಡಿಕೊಳ್ಳಬೇಡಿ.

ಪಂಚೆ ಹತ್ತಿಯದೇ ಇರಲಿ. ಪಾಲಿಯೆಸ್ಟರ್ ಬಟ್ಟೆಯಲ್ಲಿ ಅವುಗಳ ಕಾಲು ಜಾರುತ್ತದೆ. ಎರಡು ಮೂಲೆಯನ್ನು ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ ಹಾಕಿ, ಕೆಳಗಿನ ಒಂದು ಮೊಳ ನೆಲದ ಮೇಲೆ ಹಾಸಿಬಿಡಿ. ಕೆಲವು ಪತಂಗ ನೆಲದಲ್ಲೇ ಕೂರುತ್ತವೆ, ಹಾಸದಿದ್ದರೆ ನೀವೇ ತುಳಿಯುತ್ತೀರಿ. ದೀಪ ಪಂಚೆಯಿಂದ ಒಂದಡಿ ಮುಂದೆ. ಹಳದಿ ಬೆಳಕಿನ ಎಲ್‌ಇಡಿ ಬಲ್ಬಿಗೆ ಪತಂಗ ಬರುವುದು ಕಡಿಮೆ. ಅಲ್ಟ್ರಾವಯಲೆಟ್ ಇರುವ ಟ್ಯೂಬ್ ಒಳ್ಳೆಯದು, ಆದರೆ ಅದನ್ನು ದಿಟ್ಟಿಸಿ ನೋಡಬೇಡಿ, ಮಕ್ಕಳನ್ನೂ ನೋಡಲು ಬಿಡಬೇಡಿ. ಏನೂ ಇಲ್ಲದಿದ್ದರೆ ಹಳೆಯ ಬಿಳಿ ಟ್ಯೂಬ್‌ಲೈಟ್.

ಪಾದರಸದ ಬಲ್ಬಿಗೆ ಜಾಸ್ತಿ ಬರುತ್ತವೆ. ಆದರೆ ಅದು ಕೆಂಡದ ಹಾಗೆ ಕಾಯುತ್ತದೆ. ಟೆರೇಸಿನಲ್ಲಿ ನಾನು ಹಚ್ಚಿಟ್ಟಿದ್ದ ಬಲ್ಬಿನ ಮೇಲೆ ಜಡಿಮಳೆಯ ನಾಲ್ಕು ಹನಿ ಬಿದ್ದು ಪಟಾರ್ ಅಂತ ಒಡೆಯಿತು. ಕೆಳಗಿನ ಮಹಡಿಯವರು ಸಿಲಿಂಡರ್ ಸಿಡಿಯಿತು ಅಂತ ಮಕ್ಕಳನ್ನು ಎತ್ತಿಕೊಂಡು ಹೊರಗೆ ಬಂದರು. ಮಾರನೇ ದಿನ ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ ನನ್ನ ಫ್ಲ್ಯಾಟ್ ನಂಬರ್ ಇತ್ತು. ಈಗ ಸೂರಿನ ಕೆಳಗೆ ಮಾತ್ರ, ಅದೂ ವಾಚ್‌ಮನ್ ಕಾಕಾಗೆ ಮೊದಲೇ ಹೇಳಿ.

ಪತಂಗ ದೀಪಕ್ಕೆ ಮರುಳಾಗಿ ಬರುತ್ತದೆ ಅಂತ ನಾವೆಲ್ಲ ಹೇಳುತ್ತಿದ್ದೆವು. 2024ರಲ್ಲಿ ಹೊರಬಂದ ಅಧ್ಯಯನ ಬೇರೆಯೇ ಹೇಳುತ್ತದೆ. ಹಾರುವ ಹುಳಗಳು ಬೆಳಕಿನ ಕಡೆಗೆ ಬೆನ್ನು ಮಾಡಿ ಮೇಲು ಕೆಳಗು ತಿಳಿದುಕೊಳ್ಳುತ್ತವೆ. ಮೊದಲಾದರೆ ಮೇಲೆ ಆಕಾಶವೇ ಬೆಳಕು. ಈಗ ಬಲ್ಬು ಸಿಕ್ಕರೆ ಅದಕ್ಕೆ ಬೆನ್ನು ತಿರುಗಿಸುತ್ತ ತಿರುಗಿಸುತ್ತ ಅಲ್ಲೇ ಸಿಕ್ಕಿಬೀಳುತ್ತವೆ. ಹಾಗಾಗಿ ಏಳೂವರೆಯಿಂದ ಹತ್ತೂವರೆ, ಅಷ್ಟು ಸಾಕು. ದೀಪ ಆರಿಸಿ, ಪಂಚೆಯನ್ನು ಮೆಲ್ಲಗೆ ಪೊದೆಯ ಕಡೆ ಕೊಡವಿ. ಬೆಳಗಿನವರೆಗೆ ಬಿಟ್ಟರೆ ಪಿಕಳಾರ, ಮಡಿವಾಳ ಹಕ್ಕಿಗಳಿಗೆ ಎಲೆ ಹಾಕಿ ಬಡಿಸಿದ ಹಾಗೆ. ಹಲ್ಲಿಯಂತೂ ಕರೆಯದಿದ್ದರೂ ಪಂಕ್ತಿಗೆ ಬಂದು ಕೂತಿರುತ್ತದೆ.

ಫೋಟೋ ತೆಗೆಯುವಾಗ ಎಲ್ಲರಿಗೂ ಆಗುವ ತೊಂದರೆ: ಪಂಚೆ ಬೂದು ಬಣ್ಣಕ್ಕೆ ಬರುತ್ತದೆ, ಪತಂಗ ಕರ್ರಗೆ. ಬಿಳಿ ಜಾಸ್ತಿ ಇದ್ದರೆ ಕ್ಯಾಮೆರಾ ಬೆಳಕು ಇಳಿಸಿಬಿಡುತ್ತದೆ. ಎಕ್ಸ್‌ಪೋಷರ್ ಒಂದು ಹಂತ ಏರಿಸಿ. ಟಾರ್ಚಿಗೆ ಟಿಶ್ಯೂ ಎರಡು ಪದರ ಸುತ್ತಿ ಪಕ್ಕದಿಂದ ಹಿಡಿಯಿರಿ. ಮೇಲಿಂದ ಒಂದು, ಪಕ್ಕದಿಂದ ಒಂದು, ಮೀಸೆ ಕಾಣುವಂತೆ ಒಂದು, ಸ್ಕೇಲ್ ಪಕ್ಕದಲ್ಲಿಟ್ಟು ಒಂದು. ಸ್ಕೇಲ್ ಮರೆಯುವವರೇ ಜಾಸ್ತಿ. ಆಮೇಲೆ ಅಕ್ಕಿಕಾಳಿನಷ್ಟಿತ್ತೋ ಅಂಗೈಯಷ್ಟಿತ್ತೋ ಅಂತ ನಾವು ಊಹಿಸಬೇಕು.

ಕೂರುವ ಭಂಗಿಯೇ ಅರ್ಧ ಗುರುತು, ಆದ್ದರಿಂದ ಕೆದಕಬೇಡಿ. ಗೋಡೆಗೆ ಚಪ್ಪಟೆಯಾಗಿ ರೆಕ್ಕೆ ಹರಡಿ ಕೂತರೆ ಹೆಚ್ಚಾಗಿ ಅಳತೆಹುಳದ ವಂಶ. ಮನೆಯ ಮಾಡಿನ ಹಾಗೆ ರೆಕ್ಕೆ ಇಳಿಬಿಟ್ಟವು ಬೇರೆ. ರೆಕ್ಕೆ ಹಿಂದಕ್ಕೆ ಚೂಪಾಗಿ ಜೆಟ್ ವಿಮಾನದ ಹಾಗಿದ್ದರೆ ಹಾಕ್‌ಮಾತ್. ಇಂಗ್ಲಿಷಿನ 'ಟಿ' ಅಕ್ಷರದ ಹಾಗೆ ಕಡ್ಡಿಯಂತೆ ಕೂತಿದ್ದು ಪ್ಲೂಮ್ ಮಾತ್. ಹಿಂದಿನ ರೆಕ್ಕೆಯ ಬಣ್ಣ ಬೇಕು ಅಂತ ಬೆರಳಿಂದ ಬಿಡಿಸಬೇಡಿ, ಬೆರಳಿಗೆ ಅಂಟುವ ಪುಡಿ ಅದರ ರೆಕ್ಕೆಯ ಹುರುಪೆ. ಹಾರುವ ಮೊದಲು ಪತಂಗ ಮೈ ಬಿಸಿ ಮಾಡಿಕೊಳ್ಳಲು ರೆಕ್ಕೆ ನಡುಗಿಸುತ್ತದೆ. ಫೋನ್ ಹಿಡಿದು ಕಾಯುತ್ತಿದ್ದರೆ ಆಗ ಒಳಬಣ್ಣ ತಾನೇ ಕಾಣುತ್ತದೆ. ಅಲುಗಾಡದಿರಲಿ ಅಂತ ಫ್ರಿಜ್ಜಿನಲ್ಲಿಟ್ಟು ಫೋಟೋ ತೆಗೆಯುವವರೂ ಇದ್ದಾರೆ. ಬೇಡ. ಅಟ್ಲಾಸ್, ಮೂನ್ ಮಾತ್‌ಗಳಿಗೆ ತಿನ್ನಲು ಬಾಯಿಯೇ ಇಲ್ಲ, ರೆಕ್ಕೆ ಬಂದ ಮೇಲೆ ಅವುಗಳ ಆಯಸ್ಸು ಒಂದೆರಡು ವಾರ. ಅದರಲ್ಲಿ ಒಂದು ರಾತ್ರಿ ನಾವು ಕಿತ್ತುಕೊಳ್ಳುವುದೇ?

ಪಂಚೆಯ ಹತ್ತಿರ ಇದೊಂದನ್ನು ನೋಡಿಕೊಳ್ಳಿ: ಇರುವೆಯಂಥ, ಕಿತ್ತಳೆ ಕಪ್ಪು ಪಟ್ಟಿಯ, ಸೆಂಟಿಮೀಟರಿಗಿಂತ ಚಿಕ್ಕ ಜೀರುಂಡೆ. ಮಳೆಗಾಲದಲ್ಲಿ ದೀಪಕ್ಕೆ ಬರುತ್ತದೆ. ಕುತ್ತಿಗೆಯ ಮೇಲೆ ಕೂತಾಗ ಚಪ್ಪರಿಸಿ ಉಜ್ಜಿದಿರೋ, ಅದರ ಮೈರಸದಿಂದ ಒಂದೆರಡು ದಿನದಲ್ಲಿ ಸುಟ್ಟ ಹಾಗೆ ಗುಳ್ಳೆ ಏಳುತ್ತದೆ. ಊದಿ ಹಾರಿಸಿ ಅಥವಾ ಕಾಗದದ ಮೇಲೆ ಹತ್ತಿಸಿ ಬಿಡಿ. ಉಜ್ಜಿಯೇಬಿಟ್ಟಿದ್ದರೆ ತಕ್ಷಣ ಸೋಪು ಹಾಕಿ ತೊಳೆಯಿರಿ, ಆ ಕೈ ಕಣ್ಣಿಗೆ ತಾಗಿಸಬೇಡಿ.

ದೀಪ ಹಚ್ಚಲು ಆಗದವರು ಗಿಡ ನೋಡಿ. ದೇವರ ಪೂಜೆಗೆ ಅಂತ ಬಾಲ್ಕನಿಯಲ್ಲಿ ನಂದಿಬಟ್ಟಲು, ಕಣಗಿಲೆ ಇಟ್ಟವರ ಮನೆಗೆ ಒಲಿಯಾಂಡರ್ ಹಾಕ್‌ಮಾತ್ ಮೊಟ್ಟೆ ಇಡಲು ಬರುತ್ತದೆ. ಎಲೆ ಖಾಲಿಯಾಗುತ್ತಿದ್ದು, ಕೆಳಗೆ ಕಪ್ಪು ಹಿಕ್ಕೆ ಬಿದ್ದಿದ್ದರೆ ಮೇಲೆ ಹುಡುಕಿ. ಬೆರಳಿನಷ್ಟು ದಪ್ಪ ಹಸಿರು ಹುಳ, ಎರಡು ನೀಲಿ ಕಣ್ಣಿನ ಗುರುತು. ಅದು ಕಚ್ಚುವುದಿಲ್ಲ. ರೋಮ ಇರುವ ಕಂಬಳಿಹುಳ ಮಾತ್ರ ಯಾವುದನ್ನೂ ಮುಟ್ಟಬೇಡಿ.

ಹಂತ 7: ಅಂದೇ ಬರೆದಿಡಿ

ದಿನಾಂಕ, ಹೊತ್ತು, ಜಾಗ, ಬಿಸಿಲೋ ಮೋಡವೋ, ಹರಿಯುವ ನೀರೋ ನಿಂತ ನೀರೋ, ಎಷ್ಟು ಇದ್ದವು, ಏನು ಮಾಡುತ್ತಿದ್ದವು. ಎರಡು ಸಾಲು ಸಾಕು. ವಾಟ್ಸಾಪಿನಲ್ಲಿ ಕಳಿಸಿದ ಫೋಟೋದಲ್ಲಿ ಜಾಗ, ಸಮಯದ ಮಾಹಿತಿ ಅಳಿಸಿಹೋಗುತ್ತದೆ, ವಿವರವೂ ಹಾಳಾಗುತ್ತದೆ. ಮೂಲ ಫೋಟೋ ಡಿಲೀಟ್ ಮಾಡಬೇಡಿ.

ಫೋನಿನ 'ಚಂದ ಮಾಡುವ' ಆಪ್‌ಗಳನ್ನು ದೂರ ಇಡಿ. ಈಚೆಗೆ ಬರುತ್ತಿರುವ ಕೆಲವು ಫೋಟೋಗಳಲ್ಲಿ ಮಸುಕಾದ ರೆಕ್ಕೆಯನ್ನು ಆಪ್ ತಾನೇ ಊಹಿಸಿ, ಇಲ್ಲದ ನರಗಳನ್ನು ಬರೆದಿರುತ್ತದೆ. ಅಂಥ ರೆಕ್ಕೆಯ ಹುಳ ಭೂಮಿಯ ಮೇಲೇ ಇಲ್ಲ.

ಹಂತ 8: ಈಗ ಹೆಸರು

ಜೀವಿಗಳ ಫೋಟೋ ಹಾಕಿ ಹೆಸರು ತಿಳಿದುಕೊಳ್ಳುವ ಐನ್ಯಾಚುರಲಿಸ್ಟ್ ಆಪ್‌ಗೆ ಹಾಕುವಾಗ ಒಂದು ಹುಳದ ಐದೂ ಫೋಟೋ ಒಂದೇ ದಾಖಲೆಯಲ್ಲಿ ಇರಲಿ. ಪಕ್ಕದ ಕಡ್ಡಿಯ ಹುಳದ ಫೋಟೋ ಅದರಲ್ಲಿ ಸೇರಿಸಬೇಡಿ, ಎಷ್ಟೇ ಒಂದೇ ಥರ ಕಂಡರೂ. ಆಪ್ ತೋರಿಸುವ ಮೊದಲ ಹೆಸರನ್ನು ಒತ್ತಿ ಮುಗಿಸಬೇಡಿ. ಏರೋಪ್ಲೇನ್ ಚಿಟ್ಟೆಗಳಲ್ಲಿ ಅದು ಸುಮಾರಾಗಿ ಸರಿ ಹೇಳುತ್ತದೆ, ಕಂದು ಬಣ್ಣದ ಚಿಕ್ಕ ಪತಂಗಗಳಲ್ಲಿ ಪದೇ ಪದೇ ಎಡವುತ್ತದೆ. ತೋರಿಸಿದ ಹೆಸರಿನ ನಾಲ್ಕು ಗುರುತುಗಳನ್ನು ನಿಮ್ಮ ಫೋಟೋದಲ್ಲಿ ಬೆರಳಿಟ್ಟು ಹುಡುಕಿ. ಸಿಗದಿದ್ದರೆ ಜಾತಿ ಬಿಡಿ, ಒಂದು ಮೆಟ್ಟಿಲು ಮೇಲೆ, ಕುಲದ ಹೆಸರಲ್ಲೇ ನಿಲ್ಲಿಸಿ. ಭಾರತದ ದಾಖಲೆಗಳನ್ನೇ ಹೋಲಿಸಿ ನೋಡಲು ಒಡೊನಾಟಾ ಆಫ್ ಇಂಡಿಯಾ (ಒಡೊನಾಟಾ ಅಂದರೆ ಏರೋಪ್ಲೇನ್ ಚಿಟ್ಟೆ, ಟಾಚಣಿ ಎರಡೂ ಸೇರಿದ ಗುಂಪು), ಮಾತ್ಸ್ ಆಫ್ ಇಂಡಿಯಾ ಜಾಲತಾಣಗಳಿವೆ.

ನನ್ನದೇ ಪಟ್ಟಿಯಲ್ಲಿ "ಟಾಚಣಿ, ಹೆಣ್ಣು, ಗೊತ್ತಿಲ್ಲ" ಅಂತ ಹತ್ತಾರು ಸಾಲಿವೆ. ಕಳೆದ ಅಕ್ಟೋಬರಿನಲ್ಲಿ ಅದರಲ್ಲೊಂದು ಸಾಲಿಗೆ ಹೆಸರು ಸಿಕ್ಕಿತು. ಮೂರು ವರ್ಷ ಹಿಂದೆ ಅದೇ ಕೊಳದಲ್ಲಿ ತೆಗೆದಿದ್ದ ಕಿತ್ತಳೆ ಬಣ್ಣದ ಟಾಚಣಿ. ಈ ಸಲ ಅಂಥದ್ದೇ ಒಂದು ಗಂಡಿನ ಜತೆ ಸಿಕ್ಕಿತು: ಸೆನೆಗಲ್ ಗೋಲ್ಡನ್ ಡಾರ್ಟ್‌ಲೆಟ್. ಹಳೆಯ ಫೋಟೋ ತೆರೆದು ನೋಡಿದೆ. ಪಕ್ಕದ್ದು ಇತ್ತು, ಮೇಲಿನದು ಇತ್ತು, ಬಾಲದ ತುದಿಯೂ ಇತ್ತು. ಮುಖದ್ದು ಮಾತ್ರ ತೆಗೆದಿರಲಿಲ್ಲ.